ಚೆಲುವರಾಜ್ ಮೇಷ್ಟ್ರ ಎರಡು ಸೀಟಿನ ದೋಣಿ

ದೀಪಾವಳಿಯ ಪಟಾಕಿ ವಾಸನೆ ಆರುವ ಮೊದಲೇ ಹೊಳೆನರಸೀಪುರದ ಡ್ರಿಲ್ ಮೇಷ್ಟ್ರು ಚೆಲುವರಾಜ್ ಜೀಪಿನ ಮೇಲೆ ಹಳದಿ ಕಯಾಕ್ ದೋಣಿ ಕಟ್ಟಿಕೊಂಡು, ಘಾಟಿ ಇಳಿದು, ಸಮುದ್ರಕ್ಕೆ ಮೀನು ಹಿಡಿಯಲು ಹೊರಟುಬಿಡುತ್ತಿದ್ದರು. ಪಕ್ಕದಲ್ಲೇ ಹೇಮಾವತಿ ಹರಿಯುತ್ತಿದ್ದರೂ, “ಒಳೆ ಮೀನು ಮಂಕು ಕಣ್ಲಾ, ಸಮುದ್ರದ್ದು ಕುಸ್ತಿಗೆ ಬತ್ತದೆ” ಎಂದು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಹಿಡಿದ ಮೀನು ಅವರ ಬಾಯಲ್ಲಿ ಹಾಸನ ದಾಟುವಷ್ಟರಲ್ಲಿ ಒಂದಡಿ ಬೆಳೆದು, ಊರು ಮುಟ್ಟುವಾಗ ಮೊಸಳೆಯಾಗಿರುತ್ತಿತ್ತು. “ನಾನೂ ಬತ್ತೀನಿ ಕಣ್ರೀ, ಒಂದ್ಸಲ ಸಮುದ್ರದ ಮೇಲೆ ಕೂತ್ಕೋಬೇಕು” ಎಂದು ಹೆಂಡತಿ ಸಾವಿತ್ರಮ್ಮ ಪ್ರತಿವರ್ಷ ಕೇಳುತ್ತಿದ್ದರು. “ದೋಣಿಗೆ ಒಂದೇ ಸೀಟು ಕಣೇ” ಎಂದು ಮೇಷ್ಟ್ರು ಹಗ್ಗ ಬಿಗಿಯುತ್ತಿದ್ದರು. ಹೀಗೇ ಹನ್ನೆರಡು ಚಳಿಗಾಲ ಕಳೆದವು. ಹೋದ ವರ್ಷ ನಿವೃತ್ತರಾದ ಮೇಲೆ ಎರಡು ಸೀಟಿನ ಕಯಾಕನ್ನೇ ತಂದು, ಹೆಂಡತಿಯನ್ನು ಕಡಲ ದಡಕ್ಕೆ ಕರೆದೊಯ್ದರು. ಒಂದು ಕಾಲು ಒಳಗಿಡಲು ನೋಡಿದ ಸಾವಿತ್ರಮ್ಮ, “ಮಂಡಿ ಮಡಚಕ್ಕೇ ಆಗಾಕಿಲ್ಲ ಕಣ್ರೀ, ನೀವು ಓಗ್ಬನ್ನಿ” ಎಂದು ನಕ್ಕು, ಮರಳ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. ಈಗ ಮೇಷ್ಟ್ರು ತೂಕಕ್ಕೆಂದು ಮುಂದಿನ ಸೀಟಿನಲ್ಲಿ ಮರಳಿನ ಚೀಲ ಇಟ್ಟುಕೊಂಡು, ದಡದ ಕುರ್ಚಿಯಿಂದ ಸಾವಿತ್ರಮ್ಮ ಕೂಗಿದರೆ ಕೇಳುವಷ್ಟು ದೂರ ಮಾತ್ರ ಹೋಗುತ್ತಾರೆ. ಗಾಳ ಬಿಟ್ಟು ದಡದ ಕಡೆಗೇ ನೋಡುತ್ತಾ ಕೂರುತ್ತಾರೆ. ಮೀನು ಎಳೆದದ್ದೂ ಅವರಿಗೆ ಗೊತ್ತಾಗುವುದಿಲ್ಲ.