ಹೋದ ಬಸ್ಸಿಗೆ ಕೈ ತೋರಿಸುವವಳು

ಶಿಡ್ಲಘಟ್ಟದ ಶೌರಮ್ಮ ಸತ್ತವರನ್ನು ಸುಮ್ಮನೆ ಬಿಡುವವಳಲ್ಲ. ಹಾಗಂತ ಹೆದರಬೇಡಿ. ದಿನಾ ಬೆಳಗ್ಗೆ ಕಾಫಿಗೂ ಮೊದಲು ಜಪಸರ ಹಿಡಿದು ಕೂತು, ಒಂದೊಂದು ಮಣಿಗೂ ಸತ್ತವರೊಬ್ಬರ ಹೆಸರು ಹೇಳಿ, "ಇವರ ತಪ್ಪು ತೊಳೆದು ಬೇಗ ನಿನ್ನ ಹತ್ರ ಕರ್ಕೋ ಸ್ವಾಮಿ" ಎಂದು ದೇವರ ಪ್ರಾಣ ತಿನ್ನುತ್ತಾಳೆ, ಅಷ್ಟೆ. ಜಪಸರದಲ್ಲಿ ಇರುವುದು ಐವತ್ತಮೂರು ಪುಟ್ಟ ಮಣಿ. ಅವಳಿಗೋ ಅರವತ್ತಾರು ತುಂಬಿತು. ಗೊತ್ತಿದ್ದವರು ಹೋಗುತ್ತಲೇ ಇದ್ದಾರೆ, ಮಣಿ ಸಾಲುತ್ತಿಲ್ಲ. ಸೊಪ್ಪಿನ ಗಾಡಿಯ ನಲ್ಲಪ್ಪನಿಗೂ ಅವನ ಹೆಂಡತಿಗೂ ಸೇರಿಸಿ ಒಂದೇ ಮಣಿ ಕೊಟ್ಟಿದ್ದಾಳೆ. "ಇದ್ದಾಗ ಕಚ್ಚಾಡಿದ್ದು ಸಾಕು, ಅಲ್ಲಾದ್ರೂ ಹೊಂದ್ಕೊಂಡಿರ್ಲಿ" ಅನ್ನುತ್ತಾಳೆ.

ಅವಳ ತಮ್ಮನ ಹೆಂಡತಿ ರೂಪಳೂ ಕ್ರೈಸ್ತಳೇ, ಆದರೆ ಹೋಗುವುದು ಬೇರೆ ಸಭೆಗೆ. ಅಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವ ಪದ್ಧತಿಯೇ ಇಲ್ಲ. "ಅಕ್ಕ, ಉಸಿರು ನಿಂತಾಗಲೇ ಎಲ್ಲ ತೀರ್ಮಾನ ಆಗೋಯ್ತು. ಹೋದ ಬಸ್ಸಿಗೆ ಕೈ ತೋರ್ಸಿದ್ರೆ ನಿಲ್ಲುತ್ತಾ?" ಎಂದು ಒಮ್ಮೆ ಕೇಳಿದಳು.

"ನಮ್ಮೂರ ಬಸ್ಸು ನಿಲ್ಲುತ್ತೆ ಕಣೇ" ಎಂದಳು ಶೌರಮ್ಮ. "ಡ್ರೈವರು ಒಳ್ಳೇವ್ನಾಗಿರಬೇಕು, ಅಷ್ಟೇ."

ಬಾಯೇನೋ ಜೋರು, ಒಳಗೊಳಗೇ ಪುಕುಪುಕು. ಗಂಡ ರಾಯಪ್ಪ ಹೋಗಿ ಒಂಬತ್ತು ವರ್ಷ. ಮಕ್ಕಳಿಲ್ಲ. ಇರುವ ತಮ್ಮನ ಮನೆಯವರು ಈ ಪ್ರಾರ್ಥನೆಯನ್ನೇ ಒಪ್ಪುವುದಿಲ್ಲ. ನಾಳೆ ತಾನು ಹೋದರೆ ತನಗಾಗಿ ಕೈ ತೋರಿಸುವವರು ಯಾರು? ಮೂವತ್ತು ವರ್ಷ ರೇಷ್ಮೆ ಫಿಲೇಚರ್‌ನಲ್ಲಿ ಬಿಸಿನೀರಿನ ತೊಟ್ಟಿಯ ಮುಂದೆ ಕೂತು ಗೂಡಿನಿಂದ ನೂಲು ಬಿಚ್ಚಿದವಳು ಅವಳು. ಗೂಡಿನೊಳಗೇ ಬೆಂದುಹೋದ ಹುಳ ಎಷ್ಟು ಲಕ್ಷವೋ! ಅವಕ್ಕೆಲ್ಲ ಜವಾಬು ಹೇಳಿ ಮುಗಿಸುವ ಹೊತ್ತಿಗೆ ಉಳಿದವರೆಲ್ಲ ಸ್ವರ್ಗ ಸೇರಿ, ಸ್ವರ್ಗಕ್ಕೆ ಮೊದಲು ತಪ್ಪು ತೊಳೆಯುವ ಶುದ್ಧೀಕರಣ ಸ್ಥಳದಲ್ಲಿ ತಾನೊಬ್ಬಳೇ ಉಳಿದಿರುತ್ತೇನೆ ಎಂಬ ಭಯ ಅವಳಿಗೆ ನಿಜವಾಗಿಯೂ ಇತ್ತು.

ಆ ಮೂವತ್ತು ವರ್ಷವೂ ಪಕ್ಕದ ತೊಟ್ಟಿಯಲ್ಲಿ ಕೂತವಳು ಓಬಳಮ್ಮ. ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ಬಾಯಿ. ಈಗ ಚಿಂತಾಮಣಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಕಳೆದ ವರ್ಷ ನವೆಂಬರ್ ಎರಡರಂದು, ಅಂದರೆ ಚರ್ಚಿನವರ ಸತ್ತವರ ಹಬ್ಬದ ದಿನ, ಮಧ್ಯಾಹ್ನ ಎರಡು ಗಂಟೆಗೆ ಓಬಳಮ್ಮನ ಸೊಸೆ ಶೋಭಾರಾಣಿ ಫೋನ್ ಮಾಡಿ, "ನಮ್ಮತ್ತೆ ಹೋಗ್ಬಿಟ್ರು" ಎಂದು ಇಟ್ಟೇಬಿಟ್ಟಳು.

ಶೌರಮ್ಮ ಫೋನನ್ನು ಮಂಚದ ಮೇಲೆ ಎಸೆದು, ಕಾಲಿಗೆ ಚಪ್ಪಲಿಯೂ ಇಲ್ಲದೆ ಅಳುತ್ತಾ ಚರ್ಚಿಗೆ ಓಡಿದಳು. ನಾಲ್ಕಕ್ಕೆ ಸಮಾಧಿಗಳ ಹತ್ತಿರ ಪೂಜೆ. ಮೊದಲು ಗೆಳತಿಯ ಹೆಸರು ಓದಿಸಿ, ಆಮೇಲೆ ಚಿಂತಾಮಣಿಯ ಬಸ್ಸು ಹತ್ತಬೇಕು ಎಂದುಕೊಂಡಳು.

"ಫಾದರ್, ಅವಳು ನಮ್ಮವಳಲ್ಲ. ಗಂಗಮ್ಮನಿಗೆ ದೀಪ ಹಚ್ಚೋಳು. ಆದ್ರೂ ಹೆಸರು ಓದ್ತೀರಾ?"

"ದೇವರ ಕರುಣೆಗೆ ಬೇಲಿ ಹಾಕೋಕೆ ನಾವ್ಯಾರಮ್ಮ? ಓದ್ತೀನಿ, ಕಣ್ಣೊರೆಸ್ಕೋ" ಎಂದರು ಫಾದರ್.

ಸಮಾಧಿಗಳ ಮೇಲೆಲ್ಲ ಸೇವಂತಿಗೆ ಹೂವು, ಮೇಣದಬತ್ತಿ. ಫಾದರ್ ಒಂದೊಂದೇ ಹೆಸರು ಓದುತ್ತಾ ಬಂದು, "ಓಬಳಮ್ಮ" ಎಂದರು.

"ಏಮೇ ಶೌರೀ, ನನ್ನನ್ಯಾಕೆ ಕೂಗ್ತಾವ್ರೆ?" ಎಂದು ಗೇಟಿನ ಹತ್ತಿರದಿಂದ ಒಂದು ಗಂಟಲು ಕೇಳಿತು.

ಜನರೆಲ್ಲ ತಿರುಗಿ ನೋಡಿದರು. ಶೌರಮ್ಮ ಶಿಲುಬೆ ಗುರುತು ಹಾಕಿಕೊಂಡು, ಮೊದಲು ನೋಡಿದ್ದು ಬಂದವಳ ಪಾದವನ್ನು. ದೆವ್ವದ ಪಾದ ಹಿಂದುಮುಂದು ಇರುತ್ತದಂತಲ್ಲ! ಓಬಳಮ್ಮನ ಪಾದ ನೆಟ್ಟಗಿತ್ತು.

ಆದದ್ದಿಷ್ಟು. ಬೆಳಗ್ಗೆ ಓಬಳಮ್ಮನ ತಲೆಯನ್ನು ಕಾಗೆ ಮುಟ್ಟಿತ್ತು. ಕಾಗೆ ಮುಟ್ಟಿದರೆ ಸಾವಿನ ಅಪಶಕುನ. ಬೇಕಾದವರಿಗೆ ಸತ್ತಳೆಂದು ಸುಳ್ಳು ಸುದ್ದಿ ಮುಟ್ಟಿಸಿ, ಅವರು ಅತ್ತರೆ ದೋಷ ಕಳೆಯಿತು. ಆಮೇಲೆ ನಿಜ ಹೇಳಿದರಾಯಿತು.

"ನಂಟ್ರಿಗೆಲ್ಲ ಹೇಳ್ಸಿದೆ. ಒಬ್ರಾದ್ರೂ ಅಳಬೇಕಲ್ಲ! ಮಣ್ಣು ಎಷ್ಟೊತ್ತಿಗೆ ಅಂತ ಕೇಳಿದ್ರು. ನೀನಾದ್ರೆ ಅಳ್ತೀಯ ಅಂತ ನಿಂಗೆ ಮಾಡ್ಸಿದ್ದು. ಅರ್ಧ ಗಂಟೆ ಬಿಟ್ಟು ನಿಜ ಹೇಳಣ ಅಂದ್ರೆ ಫೋನೇ ಎತ್ತಲ್ಲ! ಅತ್ತೂ ಅತ್ತೂ ಇವಳೇ ಹೋಗ್ಬಿಟ್ಳೇನೋ ಅಂತ ಬಸ್ಸು ಹತ್ತಿ ಬಂದೆ ಕಣೇ. ಇಲ್ಲಿದ್ದೀಯ ಅಂತ ನಿನ್ನ ಪಕ್ಕದ್ಮನೆಯೋರು ಹೇಳಿದ್ರು."

ಶೌರಮ್ಮ ಅವಳ ಬೆನ್ನಿಗೆ ನಾಲ್ಕು ಗುದ್ದಿ, ಐದನೆಯದಕ್ಕೆ ತಬ್ಬಿಕೊಂಡಳು. ಫಾದರಿಗೆ ನಗು ತಡೆಯಲಾಗಲಿಲ್ಲ. "ಇರ್ಲಿ ಬಿಡಮ್ಮ, ಪ್ರಾರ್ಥನೆ ಹಾಳಾಗಲ್ಲ" ಎಂದು ಮುಂದಿನ ಹೆಸರು ಓದಿದರು.

ಸಂಜೆ ಮನೆಯಲ್ಲಿ ಮುದ್ದೆ ತಿನ್ನುತ್ತಾ ಓಬಳಮ್ಮ, "ಸತ್ತೋಳ ಹೆಸರು ಓದಿದ್ರೆ ಏನಾಗುತ್ತೆ?" ಎಂದು ಕೇಳಿದಳು. ಶೌರಮ್ಮ ಎಲ್ಲ ಹೇಳಿದಳು. ಹುಳದ ವಿಷಯ, ತನಗೆ ಪ್ರಾರ್ಥಿಸುವವರೇ ಇಲ್ಲದ ವಿಷಯ, ಯಾರ ಮುಂದೆಯೂ ಹೇಳದ್ದನ್ನೂ ಹೇಳಿದಳು.

ಓಬಳಮ್ಮ ಕೈ ತೊಳೆದು ಬಂದು ಎದುರಿಗೆ ಕೂತಳು. "ಆ ಹುಳದಲ್ಲಿ ಅರ್ಧ ನಾನು ಬೇಯ್ಸಿದ್ದು, ಎಲ್ಲಾ ನಿನ್ನ ತಲೆ ಮೇಲೇ ಯಾಕೆ ಹಾಕ್ಕೊಂತೀಯಾ? ನನಗೀಗ ಆಯಸ್ಸು ಗಟ್ಟಿಯಾಯ್ತು, ಕಾಗೆ ದೋಷ ಹೋಯ್ತು. ನೀನು ಮೊದ್ಲು ಹೋದ್ರೆ ನಾನಿರ್ತೀನಲ್ಲ. ಅದೇನು ಹೇಳ್ಬೇಕೋ ಕಲಿಸು."

ಕಲಿಸುವುದು ಸುಲಭವಾಗಲಿಲ್ಲ. ಇದ್ದದ್ದೇ ಎರಡು ಸಾಲು, ವಿಶ್ರಾಂತಿಯದೊಂದು, ಬೆಳಕಿನದೊಂದು. ಒಂದು ನೆನಪಿಟ್ಟರೆ ಇನ್ನೊಂದು ಮರೆಯುತ್ತಿದ್ದಳು.

ಮರುದಿನ ಬೆಳಗ್ಗೆ ಬಸ್ ನಿಲ್ದಾಣದಲ್ಲಿ ಬಸ್ಸು ಹೊರಟಿತು. ಕಿಟಕಿಯಿಂದ ಓಬಳಮ್ಮ ಪಾಠ ಒಪ್ಪಿಸಿದಳು, ಊರಿಗೆಲ್ಲ ಕೇಳುವಂತೆ: "ಸ್ವಾಮೀ, ಸತ್ತೋದ ಶೌರಮ್ಮನಿಗೆ ನಿತ್ಯ ವಿಶ್ರಾಂತಿ ಕೊಡಪ್ಪಾ!"

"ಬೆಳಕು! ಬೆಳಕು ಬಿಟ್ಬಿಟ್ಟೆ!" ಎಂದು ಶೌರಮ್ಮ ಸೆರಗು ಸಿಕ್ಕಿಸಿ, ಕೈ ಎತ್ತಿ, ಬಸ್ಸಿನ ಹಿಂದೆ ಓಡಿದಳು. ಬಸ್ಸು ನಿಂತಿತು.

"ಬೇಗ ಹತ್ತಮ್ಮ" ಎಂದ ಡ್ರೈವರು.

"ಹತ್ತೋದು ಇವತ್ತಲ್ಲಪ್ಪ, ಸ್ವಲ್ಪ ತಡಿ" ಎಂದಳು ಶೌರಮ್ಮ ಏದುಸಿರು ಬಿಡುತ್ತಾ.

ಓಬಳಮ್ಮ ಕಣ್ಣು ಮುಚ್ಚಿ, ಈ ಸಲ ಒಂದು ಪದವನ್ನೂ ಬಿಡದೆ, ನಿಧಾನವಾಗಿ ಹೇಳಿದಳು: "ಸ್ವಾಮೀ, ಸತ್ತೋದ ಶೌರಮ್ಮನಿಗೆ ನಿತ್ಯ ವಿಶ್ರಾಂತಿ ಕೊಡು. ನಿನ್ನ ಬೆಳಕು ಅವಳ ಮೇಲೆ ಬೆಳಗಲಿ."

"ಆಮೆನ್" ಎಂದಳು ಸತ್ತೋದ ಶೌರಮ್ಮ, ಅಳುತ್ತಾ ನಗುತ್ತಾ. ಬಸ್ಸು ಹೋಯಿತು. ಅವಳು ಮನೆಗೆ ಹೋಗದೆ ನೇರ ತಮ್ಮನ ಮನೆಯ ಕಡೆ ನಡೆದಳು. ಬಸ್ಸು ನಿಂತಿತು ಎಂದು ರೂಪಳಿಗೆ ಹೇಳಬೇಕಿತ್ತು.