ಸುಣ್ಣದೊಳಗಿನ ಮುಖ

ನಾದಿನಿ ಮದಿವಿ ಗೊತ್ತಾಗಿದ್ದ ವರ್ಷದ ಮಾತಿದು. ಕಮಲಾಪುರದ ನಮ್ಮ ಮನಿಗೆ ಸುಣ್ಣ ಹಚ್ಚಲೇಬೇಕಂತ ನಮ್ಮತ್ತಿ ಹಟ ಹಿಡಿದಿದ್ಳು. ಮದಿವಿ ಮನಿಗೆ ಸುಣ್ಣ ಹಚ್ಚೂದು ತಪ್ಪಲ್ಲ. ಆದ್ರ ಪಡಸಾಲಿ ಗೋಡಿ ಮ್ಯಾಲ ನನ್ನ ಮಗಳು ಕೆಮ್ಮಣ್ಣಿಲೆ ಬರೆದ ಚಿತ್ರ ಇತ್ತು. ಕುಂಬಳಕಾಯಿಯಷ್ಟು ತಲಿ, ಬಳಿಯಷ್ಟು ಮೂಗುತಿ. ಅದು ನಾನಂತ. ತೊಡಿ ಮ್ಯಾಲ ಮುಷ್ಟಿಯಷ್ಟು ಒಂದು ಕೂಸು. ಅದು ತಾನಂತ. ಹಿಂದಿನ ವರ್ಷ ಊರಿಗೂರೇ ಜ್ವರ ಬಿದ್ದಾಗ ಅಕಿ ಹೋದ್ಳು. ನನ್ನ ಪಾಲಿಗೆ ಉಳಿದಿದ್ದು ಆ ಗೋಡಿ ಒಂದೇ.

ನಮ್ಮ ಕಡಿ ಸುಣ್ಣ ಹಚ್ಚೂಕ್ಕಿಂತ ಮೊದಲ ಗೋಡಿ ಕೆರೀತಾರ. ಹಳೀ ಪದರ ಉದುರಿದ್ರ ಹೊಸಾದು ಗಟ್ಟಿ ಹಿಡೀತದ. ಅತ್ತಿ ಖುರ್ಪಿ ಹಿಡದು ಬಂದಾಗ ಕಸಗೊಂಡು ಅಂಗಳಕ್ಕ ಒಗದೆ. ನಾ ಮೊದಲೇ ಬಾಯಿಬಡುಕಿ. ಕೂಸು ಹೋದಾಗಿಂದ ಒಂದ ದಿನ ಅಕಿ ಸುದ್ದಿ ಎತ್ತಲಿಲ್ಲ, ನಿಮ್ಮದು ಕರುಳೋ ಕಲ್ಲೋ ಅಂತ ಬಾಯಿಗೆ ಬಂದಂಗ ಅಂದೆ. ಮುದುಕಿ ಅಂಗಳಕ್ಕಿಳಿದು ಖುರ್ಪಿ ಎತ್ತಿಕೊಂಡ್ಳು. ಅದು ನನಗ ಇನ್ನಷ್ಟು ಉರೀತು. ಬಂಡಿ ಕಟ್ಟಿಸಿಕೊಂಡು ಕಲಬುರ್ಗಿಗೆ, ಗಾಜಿಪುರ ಓಣಿಯ ತವರಿಗೆ ಹೊಂಟೆ. ಮಹಾಗಾಂವ ದಾಟೂತನ ಅಳಕೋತ ಹೋದೆ.

ನಮ್ಮಣ್ಣ ದೊಡ್ಡ ಲಡಾಯಿಯೊಳಗ ಇಂಗ್ರೇಜರ ಪಲ್ಟನ್ನಿನ ಸಂಗಡ ರಸ್ತೆ ಕೆಲಸಕ್ಕ ಹೋಗಿ, ಕಡಿಗೆ ಇಸ್ತಂಬೂಲದಾಗ ಇದ್ದು ಬಂದವ. ಅಂವ ನನಗ ಬುದ್ಧಿ ಹೇಳ್ಲಿಲ್ಲ. ಪೆಟಗಿ ತೆಗೆದು ಕಡ್ಲಿಕಾಳಿನಷ್ಟು ಒಂದು ಬಂಗಾರಬಣ್ಣದ ಗಾಜು ನನ್ನ ಅಂಗೈಯಾಗ ಇಟ್ಟ. ಅದು ಅಲ್ಲಿಯ ಆಯಾ ಸೋಫಿಯಾದ್ದಂತ. ಮೊದಲ ಕ್ರಿಸ್ತರ ಗುಡಿ, ಈಗ ಮಸೂತಿ. ನಮ್ಮ ಕಲಬುರ್ಗಿ ಕೋಟಿಯೊಳಗಿನ ಮಸೂತಿ ಗುಮ್ಮಟ ಅದರ ಹೊಟ್ಟ್ಯಾಗ ಸಲೀಸ ಹಿಡೀತದಂತ. ಅಲ್ಲಿಯ ಗುಮ್ಮಟದ ಬುಡಕ್ಕ ಸುತ್ತಲೂ ಕಿಟಕಿ. ಬಿಸಿಲು ಒಳಗ ಬಂದ್ರ ಗುಮ್ಮಟ ಗೋಡಿ ಮ್ಯಾಲ ಕುಂತೇ ಇಲ್ಲ ಅನ್ನಿಸ್ತದಂತ. ಹಳೀ ರಾಜರು ಇಂಥಾ ಗಾಜಿನ ಚೂರು ಕೂಡಿಸಿ ಗೋಡಿ ತುಂಬ ದೇವರ, ಸಂತರ ಮುಖ ಮಾಡಿಸಿದ್ರಂತ. ನಡುವ ಕೆಲವು ರಾಜರು ದೇವರಿಗೆ ಚಿತ್ರ ಯಾಕಂತ ಎಷ್ಟೋ ಮುಖ ಕೆರೆಸಿ ಹಾಕಿದ್ರು, ಅವು ಹೋಗೇ ಹೋದವು. ಮುಂದಿನವರು ಮತ್ತ ಹೊಸಾವು ಮಾಡಿಸಿದ್ರು. ಮಸೂತಿ ಆದ ಮ್ಯಾಲ ಅವಕ್ಕ ಸುಣ್ಣ ಬಿತ್ತು.

ಅಲ್ಲಿ ಕಸ ಹೊಡಿಯೋ ಮುದುಕ ಒಬ್ಬ ಎತ್ತರದ ಗೋಡಿ ತೋರಿಸಿ, ಅಲ್ಲಿ ತಾಯಿ ಕುಂತಾಳ, ತೊಡಿ ಮ್ಯಾಲ ಕೂಸದ ಅಂದಿದ್ನಂತ. ಅವರಪ್ಪನ ಕಾಲಕ್ಕ ದುರಸ್ತಿ ನಡೆದಾಗ ಮ್ಯಾಲಿನ ಸುಣ್ಣದ ಗಿಲಾಯಿ ಬಿಚ್ಚಿ ನೋಡಿ, ಮತ್ತ ಜ್ವಾಕಿಲೆ ಮುಚ್ಚಿದ್ರಂತ.

ನೀ ಕಣ್ಣಾರೆ ನೋಡಿದೇನಂತ ಕೇಳ್ದೆ.

"ಇಲ್ಲ ತಂಗಿ. ನಾ ಬರೇ ಸುಣ್ಣ ನೋಡೀನಿ. ಕೆರದಿದ್ದು ಹೋಗ್ತದ, ಮುಚ್ಚಿದ್ದು ಇರ್ತದ."

ಕಾಣಲಾರದ ಮುಖ ತಗೊಂಡು ನಾ ಏನ್ ಮಾಡ್ಲಿ ಅಂತ ಅವನ ಮ್ಯಾಲೂ ಹರಿಹಾಯ್ದೆ. ಅಂವ, ಸುಣ್ಣ ತೆಳ್ಳಗ ಕಲಸು, ತಿಕ್ಕಬ್ಯಾಡ, ಒತ್ತಿ ಒತ್ತಿ ಹಚ್ಚು, ಒಣಗಿದ ಮ್ಯಾಲ ಮತ್ತೊಂದು ಹಚ್ಚು ಅಂತ ಹೇಳಿ ಕಳಿಸ್ದ.

ವಾಪಸ್ ಬಂದು ಅತ್ತಿಗೆ ಹೇಳ್ದೆ, ಆ ಗೋಡಿ ಕೆರಿಯಂಗಿಲ್ಲ, ಸುಣ್ಣ ನಾನೇ ಹಚ್ಚತೀನಿ. ಹೂಂ ಅಂದ್ಳು, ಅಷ್ಟೇ. ಮೊದಲನೇ ಕೈ ಸುಣ್ಣಕ್ಕ ಕೆಂಪು ತುಸು ಹರಡಿತು. ಎರಡನೇ ಕೈಗೆ ಮೂಗುತಿ ಹೋತು. ಆಮ್ಯಾಲ ಕೂಸೂ ಹೋತು. ಮಗಳನ್ನ ಎರಡನೇ ಸಲ ಮಣ್ಣು ಮಾಡಿದಂಗಾತು ನನಗ. ಕುಂಚ ಬಿಟ್ಟು ಅಲ್ಲೇ ಕುಂತುಬಿಟ್ಟೆ.

ಮದಿವಿ ದಿನ ನಾ ಒಲಿ ಮುಂದ ಹೋಳಿಗಿ ಬೇಯಿಸಾಕತ್ತಿದ್ದೆ. ಗಂಡಿನ ಕಡಿಯವರಿಗೆ ರುಮಾಲು, ಅಂಗಿ ತೂಗಹಾಕಾಕ ಜಾಗ ಬೇಕಾಗಿತ್ತು. ಅವರೊಳಗೊಬ್ಬರು ಮೊಳಿ, ಸುತ್ತಿಗಿ ಹಿಡಕೊಂಡು ನೆಟ್ಟಗ ಆ ಗೋಡಿಗೇ ಹೋದ್ರು. ನಾ ಹಿಟ್ಟಿನ ಕೈಲೆ ಎದ್ದು ಓಡಿ ಬರೂದ್ರಾಗ ಅತ್ತಿ ಅವರ ಸುತ್ತಿಗಿ ಹಿಡದು ನಿಂತಿದ್ಳು. ಮದಿವಿ ಮನಿ, ಎಲ್ಲಾರೂ ನೋಡಾಕತ್ತಿದ್ರು. ಮುದುಕಿ ಕಣ್ಣಾಗ ನೀರು ಧಾರಿ ಹತ್ತಿತ್ತು.

"ಅಲ್ಲಿ ಮೊಳಿ ಬಡಿಬ್ಯಾಡ್ರೀ ಬೀಗ್ರ. ಒಳಗ ನನ್ನ ಮೊಮ್ಮಗಳದಾಳ."