ಸುಣ್ಣ ಹೊಡೆದ ಮನೆ

ಓಡಿಬಂದ ಮಕ್ಕಳ ಹತ್ತಿರ ಮೊದಲ ದಿನ ಹೆಸರು ಬಿಟ್ಟು ಬೇರೇನನ್ನೂ ಕೇಳಬಾರದು ಎಂದು ನಮಗೆ ಕಲಿಸಿದ್ದರು. ಮೊದಲು ಊಟ, ಆಮೇಲೆ ಸ್ನಾನ, ಆಮೇಲೆ ನಿದ್ದೆ. ಪ್ರಶ್ನೆಗಳೆಲ್ಲ ಎರಡನೆಯ ದಿನಕ್ಕೆ. ತೊಂಬತ್ತರ ದಶಕದ ನಡುವಿನ ಒಂದು ವರ್ಷ ಸೇಲಂನಲ್ಲಿ ನಾನು ಕಲಿಯುತ್ತಿದ್ದದ್ದು ಇದನ್ನೇ, ಮನೆ ಬಿಟ್ಟ ಹುಡುಗ ಹುಡುಗಿಯರನ್ನು ನೋಡಿಕೊಳ್ಳುವ ಕೆಲಸವನ್ನು. ವಾರಕ್ಕೆ ಮೂರು ದಿನ ಪಾಠ, ಮೂರು ದಿನ ಹುಡುಗಿಯರ ಆಶ್ರಯಮನೆಯೊಂದರಲ್ಲಿ ಅಭ್ಯಾಸ. ಪಾಠ ತಮಿಳಿನಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ. ತಮಿಳುನಾಡಿನಲ್ಲೇ ಹುಟ್ಟಿ ಬೆಳೆದ ನಮಗೆ ಕನ್ನಡ ಮನೆಯೊಳಗಿನ ಮಾತು ಮಾತ್ರ. ತೊಪ್ಪೂರು ಘಾಟಿನ ಕೆಳಗಿದ್ದ ನಮ್ಮೂರಿನಲ್ಲಿ ಅದಕ್ಕೆ ಅಕ್ಷರಗಳಿವೆ ಎಂಬುದು ಯಾರಿಗೂ ದೊಡ್ಡ ವಿಷಯವಾಗಿರಲಿಲ್ಲ. ಈ ಲಿಪಿ ನಾನು ಬಹಳ ತಡವಾಗಿ ಕಲಿತದ್ದು. ಹಾಗಾಗಿ ಇಲ್ಲಿ ಯಾರಾದರೂ ಆಡಿದ ಮಾತು ಎಂದು ನಾನು ಬರೆಯುವುದನ್ನು ಓದುವವರು ಸ್ವಲ್ಪ ಅನುಮಾನದಿಂದಲೇ ಓದಬೇಕು. ನಾನೂ ಹಾಗೆಯೇ ಬರೆಯುತ್ತಿದ್ದೇನೆ.

ಆ ಹುಡುಗಿ ಬಂದದ್ದು ತಮಿಳರ ಆಷಾಢವಾದ ಆಡಿ ತಿಂಗಳ ಮೊದಲ ವಾರ. ಮೇಚೇರಿ ಕಡೆಯಿಂದ ಬಸ್ ಹತ್ತಿ ಸೇಲಂ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಬೆಳಗಿನಿಂದ ಸಂಜೆಯವರೆಗೆ ಒಂದೇ ಬೆಂಚಿನ ಮೇಲೆ ಕೂತಿದ್ದಳಂತೆ. ಮಹಿಳಾ ಪೊಲೀಸೊಬ್ಬರು ಕರೆದುಕೊಂಡು ಬಂದು ಬಿಟ್ಟರು. ಹದಿನಾಲ್ಕು ಇದ್ದಿರಬೇಕು. ಮುಖ ನೆನಪಿಲ್ಲ. ಎರಡು ಜಡೆ ಎಂದು ಬರೆದು ಈಗಷ್ಟೇ ಹೊಡೆದುಹಾಕಿದೆ. ಆ ಮನೆಯ ಎಲ್ಲ ಹುಡುಗಿಯರಿಗೂ ಎರಡು ಜಡೆ ಹಾಕುತ್ತಿದ್ದವರು ನಾವೇ.

ತಮಿಳಿನಲ್ಲಿ ಯಾರು ಏನು ಕೇಳಿದರೂ ಅವಳು ಬಾಯಿ ಬಿಡಲಿಲ್ಲ. ಶಾಲೆಯಲ್ಲಿ ಒಂಬತ್ತನೇ ತರಗತಿಯವರೆಗೆ ತಮಿಳಿನಲ್ಲೇ ಓದಿದ ಹುಡುಗಿ, ಬಾರದೆ ಇರಲು ಸಾಧ್ಯವಿಲ್ಲ. ನಲ್ಲಿಯ ಹತ್ತಿರ ತನ್ನಷ್ಟಕ್ಕೆ ಏನೋ ಗೊಣಗಿಕೊಳ್ಳುತ್ತಿದ್ದುದನ್ನು ಕೇಳಿ ನಾನು ಕನ್ನಡದಲ್ಲಿ ನೀರು ಸಾಕಾ ಎಂದೆ. ಅವಳು ತಿರುಗಿ ನೋಡಿದಳು. ಅವತ್ತಿನಿಂದ ಅವಳು ನನ್ನ ಪಾಲಿಗೆ ಬಂದಳು. ಬೇರೆ ಟ್ರೈನಿಗಳು ಹೊಟ್ಟೆಕಿಚ್ಚು ಪಟ್ಟರು. ಕೋರ್ಸು ಮುಗಿಯುವುದರೊಳಗೆ ಒಂದು ಮಗುವಿನ ಪೂರ್ತಿ ಕೇಸು ನಾವೇ ನಡೆಸಬೇಕಿತ್ತು. ನನಗೆ ತಾನಾಗಿ ಒಂದು ಸಿಕ್ಕಿತ್ತು.

ಎರಡನೆಯ ದಿನ ಕೇಳಿದೆ. ಅವ್ವ ತೀರಿಕೊಂಡು ಬಹಳ ವರ್ಷ. ಅಪ್ಪ ಬೇರೆ ಸಂಸಾರ ಮಾಡಿಕೊಂಡು ಹೋಗಿದ್ದ. ಅವ್ವನ ಅವ್ವ, ಅವ್ವನ ತಮ್ಮ, ಇಬ್ಬರೇ ಇವಳನ್ನು ಸಾಕಿದವರು. ರಜೆಯಲ್ಲಿ ಕುರಿ ಮೇಯಿಸುತ್ತಿದ್ದಳು. ಶಾಲೆ ತೆರೆಯುವ ಹೊತ್ತಿಗೆ ಅಜ್ಜಿ ಓದಿದ್ದು ಸಾಕು ಎಂದಿತು. ಅದಕ್ಕೇ ಬಂದುಬಿಟ್ಟೆ ಎಂದಳು.

"ನನ್ನ ಇಲ್ಲೇ ಇಟ್ಕಳ್ಳಿ ಅಕ್ಕಾ. ಅತ್ತನೇ ಕ್ಲಾಸ್ ಪರೀಕ್ಷೆ ಬರದ್ಮೇಲೆ ಎಲ್ಲಿಗ್ ಅಂದ್ರೆ ಅಲ್ಲಿಗ್ ಓಗ್ತೀನಿ."

ಅವಳು ಕೇಳಿದ್ದು ಇಷ್ಟೇ. ಒಂದು ವರ್ಷ. ಆಶ್ರಯಮನೆಯ ಹುಡುಗಿಯರು ಎದುರು ಬೀದಿಯ ಸರ್ಕಾರಿ ಶಾಲೆಗೆ ಹೋಗುತ್ತಿದ್ದರು, ಕಷ್ಟವೇನೂ ಇರಲಿಲ್ಲ. ಆದರೆ ನಿಯಮದ ಪ್ರಕಾರ ನೋಡಿಕೊಳ್ಳುವವರು ಇರುವ ಮಗುವನ್ನು ಇಟ್ಟುಕೊಳ್ಳುವಂತಿರಲಿಲ್ಲ. ಮನೆಯವರು ಯೋಗ್ಯರೋ ಅಲ್ಲವೋ ಎಂದು ಹೋಗಿ ನೋಡಿ ವರದಿ ಬರೆಯಬೇಕು. ಯೋಗ್ಯರಲ್ಲ ಎಂದರೆ ಹುಡುಗಿ ಇಲ್ಲಿ, ಯೋಗ್ಯರು ಎಂದರೆ ಅಲ್ಲಿ.

ಇನ್ನೂ ಒಂದು ಮಾತು ಆಡಿದಳು. ಅದನ್ನು ಕೊನೆಯಲ್ಲಿ ಆಡಿದಳೋ ಮೊದಲೇ ಆಡಿದಳೋ ಗೊತ್ತಿಲ್ಲ. ಕೊನೆಯಲ್ಲಿ ಎಂದರೆ ನನ್ನ ತಪ್ಪು ಸ್ವಲ್ಪ ಹಗುರವಾಗುತ್ತದೆ, ಎದ್ದು ಹೋಗುತ್ತಿದ್ದಾಗ ಕೇಳಿಸಿತು ಎನ್ನಬಹುದು.

"ಮಾಮಂಗೇ ಕೊಡೋದು ಅಂತದೆ ಅಜ್ಜಿ."

ನಾನು ನಕ್ಕೆ. ಇದು ಮಾತ್ರ ನಿಜವಾಗಿ ನೆನಪಿದೆ. ನಮ್ಮಲ್ಲಿ ಈ ಮಾತನ್ನು ತೊಟ್ಟಿಲ ಕೂಸಿಗೂ ಅನ್ನುತ್ತಾರೆ. ಹಾಲು ಚೆಲ್ಲಿದರೆ ಅನ್ನುತ್ತಾರೆ, ಹೊಸ ಲಂಗ ತೊಟ್ಟರೆ ಅನ್ನುತ್ತಾರೆ, ಸುಮ್ಮನೆ ಬಾಗಿಲಲ್ಲಿ ನಿಂತರೂ ಅನ್ನುತ್ತಾರೆ. ನನಗೂ ನೂರು ಸಲ ಅಂದಿದ್ದರು. ಹಾಗೆ ಅನ್ನಿಸಿಕೊಂಡವರೆಲ್ಲ ಮಾವನನ್ನೇ ಮದುವೆಯಾಗಲಿಲ್ಲ. ಅಜ್ಜಿಯರ ತಮಾಷೆ ಅದು ಎಂದು ಅವಳಿಗೆ ಹೇಳಿದೆ. ಕೇಸ್ ಶೀಟಿನಲ್ಲಿ ಅದನ್ನು ಬರೆಯಲಿಲ್ಲ. ಒಬ್ಬಳು ತಮಿಳು ಟ್ರೈನಿ ಆಗಿದ್ದರೆ ಅರ್ಥವಾಗದೆ ಬರೆದುಕೊಳ್ಳುತ್ತಿದ್ದಳೇನೋ. ಇಲ್ಲ, ತಮಿಳರಲ್ಲೂ ಇದೇ ಪದ್ಧತಿ ಇದೆ. ಅವಳೂ ನಗುತ್ತಿದ್ದಳು.

ಮನೆ ಭೇಟಿಗೆ ನಾನೊಬ್ಬಳೇ ಹೋದೆ. ಮೇಚೇರಿಯಲ್ಲಿ ಇಳಿದು ಇನ್ನೊಂದು ಬಸ್, ಆಮೇಲೆ ನಡಿಗೆ. ಕೈಯಲ್ಲಿ ಫೈಲು, ಹೆಗಲಲ್ಲಿ ಬ್ಯಾಗು. ಬಿಸಿಲಿತ್ತು ಎಂದು ಬರೆಯಬಹುದು, ಆ ಕಡೆ ಯಾವಾಗಲೂ ಇರುತ್ತದೆ. ಅಜ್ಜಿ ಅಂಗಳದಲ್ಲೇ ಸಿಕ್ಕಿತು. ನನ್ನ ಮಾತು ಕೇಳಿ ಅದರ ಮುಖ ಸಡಿಲವಾಯಿತು. ಯಾವ ಊರು, ಯಾರ ಮಗಳು, ನಿಮ್ಮ ಅವ್ವನ ಕಡೆಯವರು ಎಲ್ಲಿಯವರು. ಮೂರನೆಯ ಪ್ರಶ್ನೆಗೇ ನಾನು ಅದಕ್ಕೆ ದೂರದ ನೆಂಟಳಾಗಿಬಿಟ್ಟೆ. ಮಜ್ಜಿಗೆ ಬಂತು.

"ಇಷ್ಟ್ ದಪ್ಪ ಬ್ಯಾಗ್ ಒತ್ಕಂಡ್ ಊರೂರ್ ತಿರುಗ್ತೀಯಲ್ಲವ್ವಾ, ನಿಂಗ್ ಮಾಮ ಯಾರೂ ಇಲ್ವಾ?" ಎಂದಿತು ಅಜ್ಜಿ.

ಇದ್ದಾನೆ, ಅವನಿಗೆ ಮೂರು ಮಕ್ಕಳು ಎಂದೆ.

"ಅಂಗಾರೆ ತಪ್ಪಿಸ್ಕಂಡೆ ಬುಡು."

ಎಲ್ಲರೂ ನಕ್ಕೆವು. ಕಂಬಕ್ಕೆ ಒರಗಿ ನಿಂತಿದ್ದ ಹುಡುಗಿಯ ಮಾವನೂ ನಕ್ಕ. ಮೂವತ್ತರ ಆಸುಪಾಸು, ಮೆಲುದನಿ. ಶಂಕಗಿರಿಯಲ್ಲಿ ಲಾರಿ ಓಡಿಸುತ್ತಿದ್ದ, ಹುಡುಗಿ ಕಾಣೆಯಾದ ಮೇಲೆ ಲಾರಿ ಬಿಟ್ಟು ಬಂದು ಊರೂರು ಹುಡುಕಿದ್ದನಂತೆ. ಕುಡಿತದ ವಾಸನೆ ಇಲ್ಲ. ಮದುವೆಯಾಗಿಲ್ಲ. ಅದನ್ನೂ ನಾನು ಅವನ ಪರವಾಗಿಯೇ ಬರೆದುಕೊಂಡೆ, ಏಕೆಂದರೆ ಮಾವನ ಹೆಂಡತಿಯಾದ ಅತ್ತೆಯ ಕಾಟಕ್ಕೆ ಮನೆ ಬಿಡುವ ಹೆಣ್ಣುಮಕ್ಕಳ ಬಗ್ಗೆ ಒಂದು ಇಡೀ ದಿನ ಪಾಠ ಆಗಿತ್ತು; ಇಲ್ಲಿ ಕಾಟ ಕೊಡಲು ಅತ್ತೆಯೇ ಇರಲಿಲ್ಲ. ಶಾಲೆಯ ವಿಷಯ ಅವನನ್ನೇ ಕೇಳಿದೆ.

"ಓದ್ಲಿ ಬುಡಿ ಮೇಡಂ. ಓದೋ ಮಗೀನ ಯಾರ್ ತಡೀತಾರೆ?"

ವರದಿಯ ಕಾರ್ಬನ್ ಪ್ರತಿ ನನ್ನ ಹತ್ತಿರ ಉಳಿದಿದೆ. ತಮಿಳಿನಲ್ಲಿದೆ, ಅಕ್ಷರ ದುಂಡಗೆ. ಮನೆಯ ಪರಿಸರ ಎಂಬ ಜಾಗದಲ್ಲಿ ಹೀಗೆ ಬರೆದಿದ್ದೇನೆ: ಸ್ವಚ್ಛವಾಗಿದೆ, ಗೋಡೆಗಳಿಗೆ ಹೊಸದಾಗಿ ಸುಣ್ಣ ಹೊಡೆದು ಕೆಂಪು ಪಟ್ಟೆ ಎಳೆಯಲಾಗಿದೆ. ಅಂದರೆ ನೋಡಿದ್ದೆ. ಈ ಪ್ರತಿ ಕಳೆದುಹೋಗಿದ್ದರೆ, ಸುಣ್ಣ ನಾನು ಆಮೇಲೆ ನೆನಪಿನಲ್ಲಿ ಬಳಿದದ್ದು ಎಂದು ವಾದಿಸಬಹುದಿತ್ತು. ನಮ್ಮ ಕಡೆ ಗೋಡೆಗೆ ಸುಣ್ಣ ಬೀಳುವುದು ಪೊಂಗಲಿಗೆ, ಇಲ್ಲವೇ ಮದುವೆಗೆ. ಪೊಂಗಲಿಗೆ ಐದು ತಿಂಗಳಿತ್ತು. ಆಡಿಯಲ್ಲಿ ಮಾರಮ್ಮನ ಪೂಜೆ ಇರುತ್ತದೆ, ಅದಕ್ಕಿರಬೇಕು ಅಂದುಕೊಂಡಿರಬಹುದು. ಆದರೆ ಊರ ಪೂಜೆಗಾದರೆ ಊರೆಲ್ಲ ಬೆಳ್ಳಗಾಗಬೇಕಿತ್ತು. ಆ ಸಾಲಿನಲ್ಲಿ ಬಿಳಿ ಇದ್ದದ್ದು ಅದೊಂದೇ ಮನೆ. ಆಡಿ ತಿಂಗಳಲ್ಲಿ ಯಾರೂ ಮದುವೆ ಮಾಡುವುದಿಲ್ಲ, ಆಡಿ ಮುಗಿಯಲೆಂದು ಕಾಯುತ್ತಾರೆ. ಇದೆಲ್ಲ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ವರದಿಯ ಕೊನೆಯಲ್ಲಿ ನನ್ನದೇ ಒಂದು ವಾಕ್ಯ ಸೇರಿಸಿದೆ: ಈ ಸಮುದಾಯದಲ್ಲಿ ತಾಯಿಯ ತಮ್ಮ ತಾಯಿಯ ಸ್ಥಾನದಲ್ಲಿ ನಿಲ್ಲುತ್ತಾನೆ. ನಮಗೆ ಪಾಠ ಮಾಡುತ್ತಿದ್ದವರು ಮಕ್ಕಳ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಒಬ್ಬ ಹಿರಿಯರು. ಆ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದು, ಅದನ್ನು ತರಗತಿಯಲ್ಲಿ ಓದಿ ಹೇಳಿದರು. ಜನರ ಪದ್ಧತಿ ಗೊತ್ತಿದ್ದವರು ಬರೆದರೆ ವರದಿ ಹೀಗಿರುತ್ತದೆ ಎಂದರು. ನನಗೆ ಕಿವಿ ಬಿಸಿಯಾಗುವಷ್ಟು ಸಂತೋಷವಾಯಿತು.

ವಾಕ್ಯ ಸುಳ್ಳಲ್ಲ. ನಾನು ದೊಡ್ಡವಳಾದಾಗ ನನ್ನನ್ನು ಕೂರಿಸಲು ಹಸಿಸೊಪ್ಪಿನ ಗುಡಿಸಲು ಕಟ್ಟಿದ್ದು ನನ್ನ ಸೋದರಮಾವ. ಹೈಸ್ಕೂಲಿಗೆ ಕಳಿಸಲೇಬೇಕು ಎಂದು ಅಪ್ಪನ ಎದುರು ಜಗಳಕ್ಕೆ ನಿಂತದ್ದೂ ಅವನೇ. ನಾನು ಅವನನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹುಡುಗಿಯ ಮಾವನ ವರದಿ ಬರೆದೆ. ಅಕ್ಕನ ಮಗಳ ಮೇಲೆ ಮೊದಲ ಹಕ್ಕು ತಮ್ಮನದು, ಬೇರೆಯವರಿಗೆ ಕೊಡುವುದಾದರೆ ಅವನ ಒಪ್ಪಿಗೆ ಕೇಳಬೇಕು ಎಂಬ ವಾಕ್ಯವನ್ನೂ ಪಕ್ಕದಲ್ಲಿ ಬರೆಯಬಹುದಿತ್ತು. ಬರೆಯಲಿಲ್ಲ. ಮರೆತೆನೇ? ನಮ್ಮವರ ಬಗ್ಗೆ ಸೇಲಂನ ತರಗತಿಯಲ್ಲಿ ಅಂಥದ್ದು ಹೇಳಲು ನಾಚಿಕೆಯಾಯಿತೇ? ಎರಡನೆಯದು ಎಂದು ಈಗ ಅನ್ನಿಸುತ್ತದೆ. ಆದರೆ ಈಗ ಅನ್ನಿಸುವುದರ ಮೇಲೆ ನನಗೆ ಭರವಸೆ ಇಲ್ಲ.

ಊರಿಗೆ ಹೋಗಿ ಬಂದದ್ದನ್ನು ಹುಡುಗಿಗೆ ಹೇಳಿದ್ದು ಹೊಲಿಗೆ ಕೋಣೆಯಲ್ಲಿ. ಅವಳು ಒಂದು ದಿಂಬಿನ ಗವುಸಿಗೆ ಅಂಚು ಹೊಲಿಯುತ್ತಿದ್ದಳು. ಅಜ್ಜಿ ಅತ್ತದ್ದನ್ನು ಹೇಳಿದೆ, ಅಜ್ಜಿ ಅತ್ತಿತ್ತೋ ಇಲ್ಲವೋ. ಕುರಿಗಳು ಚೆನ್ನಾಗಿವೆ ಎಂದೆ. ಮಾವ ಓದಿಸುತ್ತೇನೆ ಎಂದು ಬರೆದು ಸಹಿ ಹಾಕಿಕೊಡುತ್ತಾನೆ, ನಾವು ವರ್ಷದಲ್ಲಿ ಮೂರು ಸಲ ಬಂದು ನೋಡುತ್ತೇವೆ, ಹೆದರಬೇಡ ಎಂದೆ. ಅವಳು ತಲೆ ಎತ್ತದೆ ಕೇಳುತ್ತಿದ್ದಳು. ಅವಳನ್ನು ಖುಷಿಪಡಿಸಲು ಇನ್ನೊಂದು ಸೇರಿಸಿದೆ.

"ಮನೆ ನೋಡ್ಬೇಕು ನೀನು. ಸುಣ್ಣ ಒಡದು ಎಂಗ್ ಮಾಡವ್ರೆ ಗೊತ್ತಾ?"

ಸೂಜಿ ನಿಂತಿತು.

"ಸುಣ್ಣ ಒಡದವ್ರಾ?" ಎಂದಳು.

"ಊಂ. ಕೆಂಪು ಪಟ್ಟೆ ಬೇರೆ."

ಅವಳು ಅಂಚು ಮುಗಿಸಿ, ದಾರ ಹಲ್ಲಿನಲ್ಲಿ ಕಡಿದು, ಗವುಸು ಮಡಿಸಿಟ್ಟಳು. ಇಲ್ಲೇ ಇಟ್ಟುಕೊಳ್ಳಿ ಎಂದು ಇನ್ನೊಂದು ಸಲ ಹೇಳಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಯಾರಿಗೆ ಹೇಳಬೇಕಿತ್ತು? ಸುಣ್ಣದ ಸುದ್ದಿಯನ್ನು ಸಂಭ್ರಮದಿಂದ ತಂದವಳಿಗೆ? ನಾನೂ ಆ ಮನೆಯವರ ಕಡೆಯವಳೇ ಎಂದು ಆ ಕ್ಷಣಕ್ಕೆ ಅವಳಿಗೆ ಅನ್ನಿಸಿರಬೇಕು. ನಮ್ಮ ಭಾಷೆಯಲ್ಲಿ ಅವಳ ಮಾತು ಕೇಳಿಸಿಕೊಳ್ಳುವವಳು ಆ ಕಟ್ಟಡದಲ್ಲಿ ನಾನೊಬ್ಬಳೇ ಇದ್ದೆ.

ಮಾವ ಬಂದು ಸಹಿ ಹಾಕಿದ. ಹುಡುಗಿ ಅವನ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ಗೇಟು ದಾಟಿದಳು. ಕೈ ಬೀಸಿದಳೇ? ಇಲ್ಲ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ನಾವು ಕೊಟ್ಟಿದ್ದ ಪುಸ್ತಕಗಳು.

ಮೊದಲ ಮರುಭೇಟಿಗೆ ಹೋದಾಗ ಆಡಿ ಮುಗಿದು ಮುಂದಿನ ತಿಂಗಳಾದ ಆವಣಿಯೂ ಮುಗಿಯುತ್ತಾ ಬಂದಿತ್ತು. ಬಾಗಿಲಿಗೆ ಕಟ್ಟಿದ್ದ ಮಾವಿನೆಲೆ ಒಣಗಿ ಸುರುಟಿತ್ತು. ಅವಳೇ ಒಳಗಿನಿಂದ ನೀರು ತಂದಳು. ಕತ್ತಿನಲ್ಲಿ ಅರಿಶಿನದ ದಾರ, ಇನ್ನೂ ಹೊಸದು. ಅಜ್ಜಿ ನನ್ನನ್ನು ನೆಂಟಳಂತೆಯೇ ಗದರಿತು, ಮದುವೆಗೆ ಕರೆ ಕಳಿಸಲು ನಿನ್ನ ವಿಳಾಸ ಗೊತ್ತಿರಲಿಲ್ಲ ಎಂದಿತು. ಅದು ನನ್ನಿಂದ ಏನನ್ನೂ ಬಚ್ಚಿಡಲಿಲ್ಲ. ಬಚ್ಚಿಡಬೇಕಾದ್ದು ಏನಾದರೂ ಇದೆ ಎಂದು ಅದಕ್ಕೆ ಗೊತ್ತಿರಲಿಲ್ಲ. ನಮ್ಮ ಮನೆಯ ಹುಡುಗಿಯನ್ನು ಹುಡುಕಿ ತಂದುಕೊಟ್ಟವಳು ಎಂದು ಪಕ್ಕದ ಮನೆಯವರಿಗೆ ನನ್ನನ್ನು ತೋರಿಸಿತು.

ಪಾಠದ ಹಿರಿಯರಿಗೆ ಬಂದು ಹೇಳಿದೆ. ಕಾನೂನು ಇದೆ ಎಂದರು. ದೂರು ಕೊಡುವವರು ಯಾರು, ಊರಿನ ದೊಡ್ಡವರೆಲ್ಲ ಆ ಚಪ್ಪರದಲ್ಲಿ ಉಂಡವರೇ ಅಲ್ಲವೇ ಎಂದರು. ದೂರು ಕೊಟ್ಟು ಹುಡುಗಿಯನ್ನು ತಂದರೂ ಆಮೇಲೆ ಅವಳನ್ನು ಸೇರಿಸುವ ಮನೆ ಯಾವುದು ಎಂದು ಕೇಳಿದರು. ನಾನೇ ಕೊಡುತ್ತೇನೆ ದೂರು ಎನ್ನಬಹುದಿತ್ತು. ಹಾಗೆ ಹೇಳಿದೆ ಎಂದು ಬಹಳ ವರ್ಷ ಜನರಿಗೆ ಹೇಳಿಕೊಂಡು ಬಂದಿದ್ದೇನೆ. ಹೇಳಿರಲಿಲ್ಲ. ವರದಿ ಬರೆದವಳು ನಾನು, ದೂರು ಕೊಟ್ಟರೆ ಮೊದಲು ತೆರೆಯುವುದು ಆ ಫೈಲನ್ನೇ. ಮರುಭೇಟಿಯ ಹಾಳೆಯಲ್ಲಿ ಮಗು ಎಲ್ಲಿದೆ ಎಂಬ ಪ್ರಶ್ನೆಗೆ ಮೂರು ಉತ್ತರ ಅಚ್ಚಾಗಿದ್ದವು: ಸಂಸ್ಥೆಯಲ್ಲಿ, ಕುಟುಂಬದಲ್ಲಿ, ಕಾಣೆ. ಕುಟುಂಬದಲ್ಲಿ ಎಂಬುದರ ಮುಂದೆ ಗುರುತು ಹಾಕಿದೆ.

ಆ ಮರುಭೇಟಿಯ ದಿನ ಅವರ ಮನೆಯಿಂದ ಹೊರಡುವಾಗ ಅವಳು ಕುರಿ ಹೊಡೆಯುವ ನೆಪದಲ್ಲಿ ಬೇಲಿಯವರೆಗೆ ಬಂದಿದ್ದಳು. ಬೈದಾಳು ಎಂದು ಕಾದೆ. ಬೈಯಲಿಲ್ಲ.

"ಇನ್ಮೇಲೆ ಬರಬ್ಯಾಡಿ ಅಕ್ಕಾ," ಎಂದಳು. "ನೀವ್ ಬಂದೋದ್ರೆ ಎಂಟ್ ದಿನ ನನ್ನ ಒಬ್ಳೇ ಎಲ್ಲೂ ಬಿಡಾಕಿಲ್ಲ. ತಿರ್ಗಾ ಓಡೋಯ್ತೀನಿ ಅಂತ ಕಾಯ್ತಾರೆ."

ಓಡಿಹೋಗುತ್ತೀಯಾ ಎಂದು ಕೇಳಿದೆ. ಅವಳು ಕುರಿಯ ಕಡೆ ನೋಡಿದಳು.

"ಎಲ್ಲಿಗೆ?"

ಸರ್ಟಿಫಿಕೇಟಿಗೆ ಇನ್ನೂ ಎರಡು ಮರುಭೇಟಿ ಬೇಕಿತ್ತು. ಹೋಗಲಿಲ್ಲ. ಎರಡನ್ನೂ ಸೇಲಂನ ಕೋಣೆಯಲ್ಲಿ ಕೂತು ಬರೆದೆ. ಯಾರೂ ಅನುಮಾನಿಸಲಿಲ್ಲ. ಮೊದಲ ಭೇಟಿಗಿಂತ ಆ ಎರಡನ್ನು ಚೆನ್ನಾಗಿ ಬರೆದಿದ್ದೆ. ಒಂದರಲ್ಲಿ ಅವಳು ಮನೆಯ ಮುಂದೆ ಪಾತ್ರೆ ತೊಳೆಯುತ್ತಾ ಪಕ್ಕದ ಮನೆಯ ಮಗುವಿಗೆ ಲೆಕ್ಕ ಹೇಳಿಕೊಡುತ್ತಿದ್ದಾಳೆ. ಇನ್ನೊಂದರಲ್ಲಿ ನನ್ನನ್ನು ದೂರದಿಂದಲೇ ಕಂಡು ಪಾತ್ರೆ ತಿಕ್ಕಿದ ಕೈಯ ಬೂದಿ ಸೀರೆಗೆ ಒರೆಸಿಕೊಂಡು ಎದ್ದು ನಿಲ್ಲುತ್ತಾಳೆ, ಮೈ ಸ್ವಲ್ಪ ತುಂಬಿಕೊಂಡಿದೆ.

ಅವಳ ಮುಖ ನೆನಪಿಲ್ಲ ಎಂದಿದ್ದೆ. ಅದು ಪೂರ್ತಿ ಸರಿಯಲ್ಲ. ಅವಳನ್ನು ನೆನೆದರೆ ಬರುವುದು ಆ ಬೂದಿ ಕೈಯ, ಎದ್ದು ನಿಲ್ಲುತ್ತಿರುವ ಹುಡುಗಿ. ಅವಳ ಮುಖ ಸ್ಪಷ್ಟವಾಗಿದೆ, ನಗುತ್ತಿದ್ದಾಳೆ.